ಪೈಪು ತೊಳೆಯುತ್ತಿದ್ದ ಅಣ್ಣ

ಗೋಡೆ ಪಕ್ಕದ ಡ್ರಮ್ಮು ಕೆಟ್ಟಿದೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮುಚ್ಚಳ ಎತ್ತಿದ ಕೂಡಲೇ ನೇಲ್ ಪಾಲಿಶಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು, ಅದರ ಹಿಂದೆಯೇ ವಿನೆಗರಿನ ಹುಳಿ. ಆ ವಾಸನೆ ಬಂದರೆ ಏನರ್ಥ ಎಂದು ಅಣ್ಣನೇ ನನಗೆ ಕಲಿಸಿದ್ದ. ಆದರೂ ಅವನು ಹತ್ತಿರ ಬಂದು ಮೆಲ್ಲಗೆ "ಹೆಂಗೈತೆ?" ಎಂದು ಕೇಳಿದಾಗ "ಚೆನ್ನಾಗೈತೆ" ಎಂದುಬಿಟ್ಟೆ. ಅವನು ನಂಬಿದ.

ಅಣ್ಣ ಈಗಲೂ ಇದ್ದಾನೆ, ಹೆಬ್ಬೂರಿನಲ್ಲಿ. ಆದರೆ ನಾನು ಬರೆಯಬೇಕೆಂದಿರುವುದು ಆ ಡ್ರಮ್ಮಿಗಿಂತ ಮುಂಚಿನ ಅಣ್ಣನ ಬಗ್ಗೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಕೂತರೆ ಏಳಬೇಕೆನಿಸುತ್ತದೆ. ಎದ್ದು ಗ್ಯಾಸ್ ಆರಿಸಿದ್ದೇನಾ ನೋಡುತ್ತೇನೆ, ಗೇಟಿನ ತನಕ ಹೋಗುತ್ತೇನೆ, ಬೀದಿಯಲ್ಲಿ ಯಾರೂ ಇರುವುದಿಲ್ಲ, ವಾಪಸ್ ಬರುತ್ತೇನೆ. ಹಾಗಾಗಿ ಇದು ಸ್ವಲ್ಪ ಹಿಂದುಮುಂದಾಗಬಹುದು.

ನಮ್ಮಪ್ಪ ಮಠದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಆಳೆತ್ತರದ ಕೊಪ್ಪರಿಗೆಯಲ್ಲಿ ಸಾರು ಕುದಿಯುವ ಜಾಗ. ಅಣ್ಣ ಚಿಕ್ಕವನಿದ್ದಾಗಿಂದ ಅಲ್ಲೇ ಓಡಾಡಿಕೊಂಡು ಬೆಳೆದ. ಬಾಗಿಲಲ್ಲಿ ನಿಂತು "ಅಪ್ಪ, ಹುಣ್ಸೆಹಣ್ಣು ಇನ್ನೂ ಹಸಿ ಐತೆ, ಇಳಿಸ್ಬೇಡ" ಎನ್ನುತ್ತಿದ್ದನಂತೆ. ದೊಡ್ಡವನಾದ ಮೇಲೂ ಅದೇ ಬುದ್ಧಿ. ನಮ್ಮ ಬೀದಿಗೆ ಬಂದರೆ ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ಹೇಳಿಕೊಂಡೇ ಬರುತ್ತಿದ್ದ. ಹೇಳಿದರೆ ಹೇಳಲಿ, ಗಟ್ಟಿಯಾಗಿ ಹೇಳುತ್ತಿದ್ದ. ಒಂದು ಸಲ ಎದುರುಮನೆಯ ಆಂಟಿ ಕಿಟಕಿಯಿಂದಲೇ, "ಸೀದೋಗಿರೋದು ನಂಗೂ ಗೊತ್ತು ಕಣಪ್ಪ, ಇಡೀ ಶೆಟ್ಟಿಹಳ್ಳಿಗೆ ಸಾರ್‌ಬೇಡ" ಎಂದರು. ಅಣ್ಣ ನಗಲಿಲ್ಲ. "ತಳ ಕೆರೀಬೇಡಿ ಆಂಟಿ, ಮೇಲಿಂದು ಬೇರೆ ಪಾತ್ರೆಗೆ ಬಗ್ಗಿಸ್ಕಳಿ" ಎಂದು ಉಪಾಯ ಹೇಳಿ ಒಳಗೆ ಬಂದ.

ಗುಬ್ಬಿ ಸಂತೆಯಲ್ಲಿ ಹಲಸಿನಹಣ್ಣು ಕೊಳ್ಳುವುದಕ್ಕೆ ಅವನ ಜೊತೆ ಹೋಗುವುದೆಂದರೆ ಶಿಕ್ಷೆ. ಎಲ್ಲರೂ ತಟ್ಟಿ ನೋಡುತ್ತಾರೆ, ಇವನು ಮಂಡಿಯೂರಿ ತೊಟ್ಟಿಗೆ ಮೂಗು ಹಚ್ಚುತ್ತಿದ್ದ. ಎಲ್ಲ ಹಣ್ಣಿಗೂ. ವ್ಯಾಪಾರದವರು "ತಗೊಳ್ಳೋನಾದ್ರೆ ತಗೊ, ಇಲ್ದಿದ್ರೆ ಮುತ್ತು ಕೊಡ್ಬೇಡ" ಎಂದು ರೇಗುತ್ತಿದ್ದರು. ಒಂದು ಕಡೆ ನಿಲ್ಲುವವನಲ್ಲ. ಊಟಕ್ಕೆ ಕೂತರೂ ಎರಡು ತುತ್ತಿಗೆ ಎದ್ದು ಒಲೆ ಹತ್ತಿರ ಹೋಗಿ ಬರುವವನು.

ಹಿರೇಹಳ್ಳಿಯಲ್ಲಿ ಹಣ್ಣಿನ ಸ್ಕ್ವಾಷ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲವು ವರ್ಷ ಇದ್ದ. ಆಮೇಲೆ ಗುಬ್ಬಿ ರಸ್ತೆಯಲ್ಲಿ ಹಲಸಿನಹಣ್ಣಿನ ವೈನ್ ಮಾಡುವ ಶೆಡ್ಡಿಗೆ ಸೇರಿದ. ಲೈಸೆನ್ಸ್ ತೆಗೆದುಕೊಂಡು ಮಾಡುವ ಸಣ್ಣ ಜಾಗ. ಮಾಲೀಕರು ಕೊಬ್ಬರಿ ವ್ಯಾಪಾರದವರು, ಈ ಹೊಸ ಹುಚ್ಚು ಹತ್ತಿಸಿಕೊಂಡಿದ್ದರು. ಸಾಲಾಗಿ ನೀಲಿ ಡ್ರಮ್ಮುಗಳು, ಅದರೊಳಗೆ ಅರೆದ ಹಲಸಿನ ತೊಳೆ ಹುದುಗುತ್ತಾ ಇರುತ್ತದೆ. ಒಂದೊಂದು ಡ್ರಮ್ಮಿನಿಂದಲೂ ಒಂದು ಸಣ್ಣ ಕೊಳವೆ ನೀರಿನ ಬಾಟಲಿಗೆ ಇಳಿಸಿರುತ್ತಾರೆ. ಅದು ಗುಳುಗುಳು ಅನ್ನುತ್ತಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ಲೆಕ್ಕ. ಗುಳುಗುಳು ನಿಂತ ಮೇಲೆ ಪ್ರತಿ ಡ್ರಮ್ಮನ್ನೂ ಮೂಸಿ, ಸರಿಯಿದ್ದದ್ದನ್ನು ಮಾತ್ರ ಪೈಪು ಹಾಕಿ ದೊಡ್ಡ ಸ್ಟೀಲ್ ಟ್ಯಾಂಕಿಗೆ ಬಿಡಬೇಕು. ಯಾವುದು ಸರಿ, ಯಾವುದು ಬಿಸಾಡಬೇಕು ಎನ್ನುವುದು ಅಣ್ಣನ ಮೂಗಿಗೆ ಬಿಟ್ಟದ್ದು.

ನಾವು ಕೊರಳಲ್ಲಿ ಲಿಂಗ ಕಟ್ಟುವವರು. ಮಠದಲ್ಲಿ ಅಡುಗೆ ಮಾಡುವವರ ಮಗ ಹೆಂಡದ ಶೆಡ್ಡಿಗೆ ಸೇರಿದ ಎಂದು ನೆಂಟರೆಲ್ಲ ಮಾತಾಡಿದರು. ಅವನು ಅಲ್ಲಿ ಕುಡಿಯುತ್ತಿರಲಿಲ್ಲ, ನಾಲಿಗೆಗೆ ಸೋಕಿಸಿ ಉಗಿಯುತ್ತಿದ್ದ, ಅಷ್ಟೆ. ಒಂದು ಸಲ ಕುಣಿಗಲ್ ಕಡೆಯಿಂದ ಹೆಣ್ಣಿನವರು ಅವನನ್ನು ನೋಡಲು ಬಂದರು. ಹುಡುಗನಿಗೆ ಏನು ಕೆಲಸ ಎಂದು ಕೇಳಿದಾಗ ಅಪ್ಪ ಜ್ಯೂಸ್ ಫ್ಯಾಕ್ಟರಿ ಎಂದರು. ಅಣ್ಣ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದ.

"ಜ್ಯೂಸಲ್ಲ ಮಾವ, ವೈನು. ಜ್ಯೂಸಾಗಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ" ಎಂದ.

ಅವರು ಉಪ್ಪಿಟ್ಟು ಮುಟ್ಟದೆ ಎದ್ದರು. ಅಪ್ಪ ವಾರಗಟ್ಟಲೆ ಅವನ ಹತ್ತಿರ ಮಾತಾಡಲಿಲ್ಲ. ಸುಳ್ಳು ಅವನ ಬಾಯಿಗೆ ಬರುತ್ತಿರಲಿಲ್ಲ. ಮದುವೆಯೂ ಆಗಲಿಲ್ಲ.

ಮೂಗಿಗಿಂತ ಹೆಚ್ಚು ಅವನು ಹೆಮ್ಮೆಪಡುತ್ತಿದ್ದದ್ದು ಪೈಪು ತೊಳೆಯುವುದರ ಬಗ್ಗೆ. ಬಿಸಿನೀರು, ವಾಷಿಂಗ್ ಸೋಡಾ, ಮತ್ತೆ ಬಿಸಿನೀರು. ತೊಳೆದ ಮೇಲೆ ಬಾಯಿ ಕೆಳಗೆ ಮಾಡಿ ಮೊಳೆಗೆ ನೇತುಹಾಕಬೇಕು, ನೆಲಕ್ಕೆ ತಾಕಬಾರದು. ಕೊನೆಗೆ ಪೈಪಿನ ತುದಿಗೆ ಮೂಗಿಟ್ಟು ಉಸಿರೆಳೆದು, ಏನೂ ವಾಸನೆಯಿಲ್ಲದಿದ್ದರೆ ಮಾತ್ರ ಡ್ರಮ್ಮಿಗೆ ಹಾಕುತ್ತಿದ್ದ. ನಾನು ಊಟ ತೆಗೆದುಕೊಂಡು ಹೋದಾಗ ಎಷ್ಟೋ ಸಲ ಹಾಗೆ ನಿಂತಿರುತ್ತಿದ್ದ, ಕಣ್ಣು ಮುಚ್ಚಿಕೊಂಡು, ಪೈಪು ಮುಖಕ್ಕೆ ಹಿಡಿದುಕೊಂಡು. ಆಗ ಮಾತ್ರ ಅವನ ಕೈಕಾಲು ಸುಮ್ಮನಿರುತ್ತಿದ್ದವು.

ಆಮೇಲೆ ಆ ಜ್ವರದ ಕಾಲ ಬಂತು. ಎಲ್ಲರ ಮೂಗೂ ಹೋಗಿ ವಾಪಸ್ ಬಂತು, ಅಣ್ಣನದು ಬರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ. ನಾನು ಹಾಲಿಟ್ಟು ಬಟ್ಟೆ ಒಣಗಿಸಲು ಮಹಡಿಗೆ ಹೋಗಿದ್ದೆ. ಸೀದ ವಾಸನೆ ಮೇಲಕ್ಕೇ ಬಂತು. ಓಡಿಬಂದರೆ ಅಣ್ಣ ಒಲೆ ಪಕ್ಕದಲ್ಲೇ ಬೆನ್ನು ಮಾಡಿ ಕೂತು ಅವರೇಕಾಯಿ ಸುಲಿಯುತ್ತಿದ್ದಾನೆ. ಪಾತ್ರೆ ಕರ್ರಗಾಗಿ ಹೊಗೆ ಏಳುತ್ತಿದೆ.

ಗ್ಯಾಸ್ ಆರಿಸಿ ಅವನ ಮುಖ ನೋಡಿದೆ. ಅವನು ಪಾತ್ರೆ ನೋಡಿದ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದ.

"ಯಾವಾಗಿಂದ?" ಎಂದೆ.

"ಜ್ವರ ಬಿಟ್ಟಾಗಿಂದ. ಮಾಲೀಕರ್ಗೆ ಹೇಳಿಲ್ಲ. ಹೇಳಿದ್ರೆ ನಂಗಲ್ಲೇನ್ ಕೆಲ್ಸ?" ಇನ್ನೊಂದು ಕಾಯಿ ಎತ್ತಿಕೊಂಡು, "ಸ್ವಲ್ಪ ದಿನ ನಿನ್ ಮೂಗು ಕೊಡಮ್ಮಿ" ಎಂದ. ತಟ್ಟೆ ಸಾಲ ಕೇಳಿದಂತೆ ಕೇಳಿದ.

ಹೀಗೆ ನಮ್ಮ ಓಡಾಟ ಶುರುವಾಯಿತು. ನನಗೆ ವಾಸನೆ ಕಲಿಸಬೇಕಲ್ಲ, ಅದಕ್ಕೆ ರಜೆ ಸಿಕ್ಕಾಗಲೆಲ್ಲ ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತಮುತ್ತ ಎಲ್ಲೆಲ್ಲಿ ಏನೇನು ಹುದುಗಿಸುತ್ತಾರೋ ಅಲ್ಲಿಗೆಲ್ಲ ಕರೆದುಕೊಂಡು ಹೋದ. ಗುಬ್ಬಿ ಕಡೆ ತೆಂಗಿನ ನೀರಾ ಇಳಿಸುವ ತೋಟಕ್ಕೆ ಹೋದೆವು. ಐಸ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ಒಂದು ವಾಸನೆ, ಬಿಸಿಲಿಗಿಟ್ಟರೆ ಇನ್ನೊಂದು. ಕುಣಿಗಲ್ ಕಡೆ ದ್ರಾಕ್ಷಿ ವೈನ್ ಮಾಡುವವರ ಮನೆಗೆ ಹೋದೆವು. ಒಂದು ದೊಡ್ಡ ಡಿಸ್ಟಿಲರಿಯ ಗೇಟಿನಲ್ಲಿ ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ. ಅಣ್ಣ ಕಾಂಪೌಂಡಿನ ಹೊರಗೆ ಗಾಳಿ ಬೀಸುವ ಕಡೆ ಸ್ಕೂಟರ್ ನಿಲ್ಲಿಸಿ, "ಇಲ್ಲಿಂದ್ಲೇ ಎಳ್ಕೊ, ಗಾಳಿಗೇನ್ ಪಾಸ್ ಕೇಳ್ತಾರಾ" ಎಂದ.

ತುಮಕೂರಿನಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸುವ ಹೊಸ ಪಬ್ ಒಂದಕ್ಕೂ ಹೋದೆವು. ಗಾಜಿನ ಹಿಂದೆ ದೊಡ್ಡ ದೊಡ್ಡ ಪಾತ್ರೆ. ನಾನು ಸೆರಗು ತಲೆ ಮೇಲೆ ಎಳೆದುಕೊಂಡು ಕೂತೆ, ನಮ್ಮ ಕಡೆಯವರು ಯಾರಾದರೂ ಕಂಡರೆ ಎಂದು. ಹುಡುಗ ಗ್ಲಾಸು ತಂದಿಟ್ಟ. ಮೂಸಿ ವಾಪಸ್ ತಳ್ಳಿದೆ. ಅವನು ಗಾಬರಿಯಾಗಿ, "ಯಾಕ್ ಮೇಡಂ, ಚೆನ್ನಾಗಿಲ್ವಾ?" ಎಂದ.

"ಅವ್ಳು ಕುಡಿಯಲ್ಲ ಕಣಪ್ಪ, ಮೂಸ್ತಾಳೆ ಅಷ್ಟೆ. ಇನ್ನೊಂದ್ ಥರದ್ದು ತಗೊಂಬಾ" ಎಂದ ಅಣ್ಣ.

ಅಣ್ಣ ಕಲಿಸುತ್ತಿದ್ದದ್ದು ಅಡುಗೆಮನೆಯ ಮಾತಿನಲ್ಲೇ. ಮೊದಲ ದಿನದ ದೋಸೆಹಿಟ್ಟಿನ ವಾಸನೆ ಬಂದರೆ ಸರಿ, ಮೂರನೇ ದಿನದ್ದು ಬಂದರೆ ಅನುಮಾನ. ಒದ್ದೆ ಗೋಣಿಚೀಲ ಬಂದರೆ ಕೊಳೆ. ನೇಲ್ ಪಾಲಿಶು ಬಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ, ಒಳಗೆ ಗಾಳಿ ಹೋಗಿದೆ, ಆ ಡ್ರಮ್ಮು ಮುಗಿಯಿತು. ನಾನು ತಡವರಿಸಿದರೆ ಸಿಡುಕುತ್ತಿದ್ದ. "ಎಮ್ಮೆ ನೋಡ್ದಂಗೆ ನೋಡ್ಬೇಡ, ಕಣ್ಣಲ್ಲೇನೈತೆ, ಮೂಸು" ಎನ್ನುತ್ತಿದ್ದ. ಬೇಜಾರಾಗುತ್ತಿತ್ತು. ಆದರೆ ಸುಳ್ಳು ಹೇಳಬಾರದು, ನನಗೆ ಆ ಓಡಾಟ ಇಷ್ಟವಾಗಿತ್ತು. ಮದುವೆಯಾದ ಮೇಲೆ ನನ್ನನ್ನು ಯಾರೂ ಏನನ್ನೂ ಹೀಗೆ ಕೂತು ಕೇಳಿರಲಿಲ್ಲ. ಮನೆಯಲ್ಲಿ ಇವರು, ನನ್ನ ಗಂಡ, "ಇವತ್ತು ಯಾವ ಕಡೆ ಸವಾರಿ, ವಾಸನೆ ಇನ್‌ಸ್ಪೆಕ್ಟ್ರು?" ಎಂದು ತಮಾಷೆ ಮಾಡುತ್ತಿದ್ದರು. ತಡೆಯುತ್ತಿರಲಿಲ್ಲ. ಅಣ್ಣನ ಕೆಲಸ ಉಳಿಯಬೇಕು ಎಂದು ಅವರಿಗೂ ಇತ್ತು.

ಟ್ಯಾಂಕಿಗೆ ಬಿಡುವ ದಿನಗಳಲ್ಲಿ ನಾನು ಶೆಡ್ಡಿಗೆ ಊಟದ ಡಬ್ಬಿ ನೆಪದಲ್ಲಿ ಹೋಗುತ್ತಿದ್ದೆ. ಯಾರೂ ನೋಡದಾಗ ಒಂದೊಂದೇ ಮುಚ್ಚಳ ಎತ್ತಿ ಮೂಸಿ ಅಣ್ಣನಿಗೆ ಹೇಳುತ್ತಿದ್ದೆ. ಒಂದು ಸೀಸನ್ ಹೀಗೇ ಕಳೆಯಿತು. ಒಂದು ಹನಿಯೂ ಕೆಡಲಿಲ್ಲ.

ಮುಂದಿನ ಸೀಸನ್ನಿನ ಆ ಭಾನುವಾರ ಬೆಂಗಳೂರಿನಿಂದ ಒಂದು ವ್ಯಾನು ತುಂಬ ಜನ ಶೆಡ್ಡು ನೋಡಲು ಬಂದಿದ್ದರು. ಮಾಲೀಕರು ಮುಂದೆ ನಿಂತು ಬಾಟಲಿ ತೆಗೆದು ರುಚಿ ತೋರಿಸುತ್ತಿದ್ದರು. ನಾನು ಡ್ರಮ್ಮುಗಳ ಸಾಲಿನಲ್ಲಿ ಕೊನೆಯ ಗೋಡೆ ಪಕ್ಕದ್ದರ ಮುಚ್ಚಳ ಎತ್ತಿ ಬಗ್ಗಿದ್ದೆ. ಹಿಂದಿನಿಂದ ಒಬ್ಬಾಕೆ, "ಇವರು ಯಾರು? ಇವರೇ ಟೇಸ್ಟ್ ಮಾಡೋರಾ?" ಎಂದು ಕೇಳಿದರು. ಎಲ್ಲರೂ ತಿರುಗಿದರು. ಮಾಲೀಕರೂ ತಿರುಗಿದರು.

ಅಣ್ಣ ನನ್ನ ಕಡೆ ನೋಡದೆ, "ಇಲ್ಲ ಮೇಡಂ, ಗ್ಲಾಸ್ ತೊಳೆಯಕ್ ಬಂದವ್ಳೆ" ಎಂದ.

ತಂಗಿ ಎಂದಿದ್ದರೂ ಸಾಕಿತ್ತು. ತಂಗಿ ಊಟ ತಂದಿದ್ದಾಳೆ ಎನ್ನಬಹುದಿತ್ತು. ಸುಳ್ಳು ಬರದ ಮನುಷ್ಯನಿಗೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದು. ಮಾಲೀಕರಿಗೆ ಅನುಮಾನ ಬರಬಾರದು ಎಂದು ಹಾಗೆ ಹೇಳಿದ ಎನ್ನುವುದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ ಮೈಯೆಲ್ಲ ಉರಿಯಿತು. ಆಕೆ ಪಾಪ, ಕೈಯಲ್ಲಿದ್ದ ಗ್ಲಾಸನ್ನು ನನ್ನ ಕಡೆ ಚಾಚಿದರು. ಅವರ ಹಿಂದೆಯೇ ಉಳಿದವರೂ ಕೊಟ್ಟರು. ನಾನು ಅಷ್ಟನ್ನೂ ತಗೊಂಡು ಹೋಗಿ ನಲ್ಲಿ ಕೆಳಗೆ ಕೂತು ತೊಳೆದೆ. ಲಿಪ್‌ಸ್ಟಿಕ್ ಗುರುತನ್ನು ಹೆಬ್ಬೆರಳಿನಲ್ಲಿ ಉಜ್ಜಿದೆ.

ತೊಳೆದು ಮುಗಿಯುವ ಹೊತ್ತಿಗೆ ಅಣ್ಣ ಬಂದು ಪಕ್ಕದಲ್ಲಿ ಬಗ್ಗಿದ. ಏನಾದರೂ ಹೇಳುತ್ತಾನೇನೋ ಎಂದು ಕಾದೆ. ಅವನು ಕೇಳಿದ್ದು ಡ್ರಮ್ಮಿನ ಬಗ್ಗೆ. ನಾನು ಹೇಳಿದ್ದನ್ನು ಮೊದಲೇ ಬರೆದಿದ್ದೇನೆ. ಸಂಜೆಯೊಳಗೆ ಅವನು ಎಲ್ಲ ಡ್ರಮ್ಮಿನ ಜೊತೆ ಅದನ್ನೂ ಟ್ಯಾಂಕಿಗೆ ಬಿಟ್ಟ. ನಾನು ಅಷ್ಟರಲ್ಲಿ ಬಸ್ಸು ಹತ್ತಿದ್ದೆ. ಬಸ್ಸಿನಲ್ಲಿ ಕೂತು ಫೋನ್ ಮಾಡಬಹುದಿತ್ತು. ಫೋನು ಕೈಯಲ್ಲೇ ಇತ್ತು.

ಕೆಲವು ವಾರಕ್ಕೆ ಇಡೀ ಟ್ಯಾಂಕು ಹುಳಿಯಾಯಿತು. ಆ ವರ್ಷದ ಹಣ್ಣೆಲ್ಲ ಅದರಲ್ಲಿತ್ತು. ಮಾಲೀಕರು ಕೂಗಾಡಲಿಲ್ಲ, "ಏನಾಯ್ತು?" ಎಂದು ಮಾತ್ರ ಕೇಳಿದರಂತೆ. ಅಣ್ಣ ತನಗೆ ವಾಸನೆ ಬರುವುದಿಲ್ಲ ಎನ್ನುವುದನ್ನೂ ಅವತ್ತೇ ಹೇಳಿದ. ನನ್ನ ಹೆಸರು ಎತ್ತಲಿಲ್ಲ. ಡ್ರಮ್ಮುಗಳೆಲ್ಲ ಸರಿಯಿದ್ದವು, ಪೈಪು ಸರಿಯಾಗಿ ತೊಳೆದಿಲ್ಲ, ತುದಿ ಮೂಸಿದರೆ ತನಗೆ ಗೊತ್ತಾಗುತ್ತಿರಲಿಲ್ಲ, ಅದರಿಂದಲೇ ಕೆಟ್ಟಿತು ಎಂದ. ಮಾಲೀಕರು ಕೆಲಸದಿಂದ ತೆಗೆಯಲಿಲ್ಲ, ಹಣ್ಣು ಇಳಿಸುವ ಕಡೆ ನೋಡಿಕೋ ಎಂದರಂತೆ. ಅವನೇ ಬಿಟ್ಟು ಬಂದ.

ಅವನು ನನ್ನನ್ನು ಉಳಿಸಲು ಹಾಗೆ ಹೇಳಿದ ಎಂದು ಮೊದಲು ಅಂದುಕೊಂಡೆ. ಅಲ್ಲ. ನಿಜವಾಗಿ ಹಾಗೇ ನಂಬಿದ್ದ. ನನ್ನ ಮೂಗಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ, ತನ್ನ ಕೈಯ ಮೇಲೆ ಬಂತು.

ಹೆಬ್ಬೂರಿನಿಂದಲೇ ಓಡಾಡಿಕೊಂಡು ಹಿರೇಹಳ್ಳಿಯ ಒಂದು ಗೋಡೌನಿಗೆ ವಾಚ್‌ಮನ್ ಆಗಿ ಸೇರಿದ. ನಮ್ಮ ಮನೆಗೆ ಬಂದರೆ ಕಾಫಿ ಕುಡಿದ ಲೋಟವನ್ನು ತೊಳೆದಿಟ್ಟು, ಮತ್ತೆ ತೆಗೆದು ತೊಳೆಯುತ್ತಿದ್ದ. ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆಯುತ್ತಿದ್ದ. ನಾನು ಕಿತ್ತುಕೊಂಡರೆ ಕೈ ಕಟ್ಟಿಕೊಂಡು ಕೂರುತ್ತಿದ್ದ. ಸಂತೆಗೆ ಹೋಗುವುದನ್ನು ಬಿಟ್ಟ. ಮಾತಿನ ಮಧ್ಯೆ ಇದ್ದಕ್ಕಿದ್ದಂತೆ, "ಆವತ್ತು ಸೋಡಾ ಹಾಕಿದ್ನೋ ಇಲ್ವೋ ಕಣಮ್ಮಿ" ಎನ್ನುವನು. ನನ್ನ ಮಗಳು ದೊಡ್ಡವಳಾಗಿ ಆರತಿ ಮಾಡಿದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹಾಗೆ ಅಂದ. ಬಡಿಸುತ್ತಿದ್ದ ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಹೇಳಬೇಕೆಂದು ಹೊರಟಾಗಲೆಲ್ಲ ಏನೋ ಒಂದು. ಇವರಿದ್ದಾರೆ, ಮಕ್ಕಳಿದ್ದಾರೆ, ಅವನು ಊಟ ಮಾಡುತ್ತಿದ್ದಾನೆ, ಬಸ್ಸಿಗೆ ಹೊತ್ತಾಯಿತು. ಒಂದು ದಿನ ಅವನೇ ನೇರವಾಗಿ ಕೇಳಿದ.

"ನೀನ್ ಮೂಸ್ದಾಗ ಎಲ್ಲ ಚೆನ್ನಾಗಿತ್ತಲ್ವಾ?"

"ಹೂಂ" ಎಂದೆ.

ಮೊದಲನೆಯದು ಸಿಟ್ಟಿನಲ್ಲಿ ಹೇಳಿದ್ದು. ಇದಕ್ಕೆ ಯಾವ ಸಿಟ್ಟೂ ಇರಲಿಲ್ಲ. ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಕುಣಿಗಲ್ ಹತ್ತಿರ ಒಬ್ಬರು ನೇರಳೆಹಣ್ಣಿನ ವೈನ್ ಶೆಡ್ಡು ಹಾಕಿದ್ದಾರೆ, ಭಾನುವಾರ ಯಾರು ಬೇಕಾದರೂ ಹೋಗಿ ನೋಡಬಹುದು ಎಂದು ಇವರು ಯಾರಿಂದಲೋ ಕೇಳಿ ಬಂದರು. "ನಿಮ್ಮಣ್ಣನ್ನ ಕರ್ಕೊಂಡ್ ಹೋಗು, ಮನುಷ್ಯ ಹಿಂಗೇ ಆಗ್ಬುಟ್ರೆ ಹೆಂಗೆ" ಎಂದರು. ಅಣ್ಣ ಬರುವುದಿಲ್ಲ ಎಂದ. ನಾನು ಬಿಡಲಿಲ್ಲ. ಹೋದ ಭಾನುವಾರ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಎಂದುಕೊಂಡು ಕಿಟಕಿಯ ಸರಳನ್ನು ಹಿಡಿದುಕೊಂಡು ಕೂತಿದ್ದೆ.

ಅಲ್ಲಿ ಹತ್ತಾರು ಜನ ನೋಡಲು ಬಂದಿದ್ದರು. ಮಾಲೀಕರು ವಯಸ್ಸಾದವರು, ಬನಿಯನ್ ಮೇಲೆ ಟವೆಲ್ ಹಾಕಿಕೊಂಡು ತಾವೇ ಎಲ್ಲ ವಿವರಿಸುತ್ತಿದ್ದರು. ಅಣ್ಣ ಒಳಗೆ ಬರಲಿಲ್ಲ. ಬಾಗಿಲ ಹತ್ತಿರ ನಲ್ಲಿ ಪಕ್ಕ ನಿಂತ. ಅಲ್ಲಿ ನೆಲದ ಮೇಲೆ ಪೈಪು ಬಿದ್ದಿತ್ತು, ಬಾಯಿ ಮಣ್ಣಿಗೆ ತಾಕಿತ್ತು. ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದ. ಆಮೇಲೆ ತಡೆಯಲಾಗಲಿಲ್ಲ, ಬಗ್ಗಿ ಎತ್ತಿ, ನಲ್ಲಿಗೆ ಹಿಡಿದು ತೊಳೆದು, ಸುರುಳಿ ಸುತ್ತಿ, ಬಾಯಿ ಕೆಳಗೆ ಮಾಡಿ ಕಿಟಕಿಯ ಕೊಂಡಿಗೆ ನೇತುಹಾಕಿದ. ಮಾಲೀಕರು ಮಾತು ನಿಲ್ಲಿಸಿ ಅದನ್ನೇ ನೋಡುತ್ತಿದ್ದರು.

"ಎಲ್ಲಪ್ಪ ಕೆಲ್ಸ ಮಾಡಿದ್ದೆ ನೀನು?"

"ಗುಬ್ಬಿ ರೋಡಲ್ಲಿ ಸಾರ್. ಬಿಟ್ಟು ವರ್ಷಾಯ್ತು."

"ಮತ್ತೆ ಬತ್ತೀಯ? ಇಲ್ಲಿರೋ ಹುಡುಗ್ರಿಗೆ ಎಷ್ಟು ಹೇಳಿದ್ರೂ ಪೈಪು ನೆಲದ್ ಮೇಲೇ."

"ನಂಗೆ ವಾಸ್ನೆ ಬರಲ್ಲ ಸಾರ್, ಜ್ವರದಲ್ಲಿ ಹೋಯ್ತು."

"ವಾಸ್ನೆ ನೋಡಕ್ಕೆ ನಾನಿದೀನಿ, ನನ್ ಮಗಳವ್ಳೆ. ನಂಗೆ ಬೇಕಾಗಿರೋದು ತೊಳೆಯೋ ಕೈ."

ಅಣ್ಣನ ಮುಖದಲ್ಲಿ ಏನೋ ಆಯಿತು. ಒಂದು ಕ್ಷಣ ಅವನು ಸಂತೆಯಲ್ಲಿ ಮಂಡಿಯೂರುತ್ತಿದ್ದ ಅಣ್ಣನ ಹಾಗೇ ಕಂಡ. ಆಮೇಲೆ ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದಕ್ಕೆ ಕಟ್ಟಿಕೊಂಡ.

"ಬ್ಯಾಡಿ ಸಾರ್. ಒಂದ್ ಟ್ಯಾಂಕ್ ಪೂರ್ತಿ ಕೆಡಿಸಿದ್ ಕೈಯಿದು. ನಿಮ್ದೂ ಹಾಳಾಗ್ತದೆ" ಎಂದ. ನನ್ನ ಕಡೆ ತಿರುಗಿ, "ನಡಿಯಮ್ಮಿ, ಬಸ್ಸಿಗೆ ಹೊತ್ತಾಯ್ತು" ಎಂದ.

ಅವನು ಗೇಟಿನ ಕಡೆ ಹೆಜ್ಜೆ ಹಾಕಿದ. ಮಾಲೀಕರು ಇನ್ನೂ ನಿಂತಿದ್ದರು, ನೋಡಲು ಬಂದವರೂ ನಿಂತಿದ್ದರು. ಬಸ್ಸಿನಲ್ಲಿ ಹೇಳೋಣ, ಮನೆಗೆ ಹೋಗಿ ಹೇಳೋಣ ಎಂದು ಮನಸ್ಸು ಆಗಲೇ ಎಳೆಯುತ್ತಿತ್ತು. ಓಡಿಹೋಗಿ ಅವನ ಮುಂದೆ ನಿಂತೆ, ಹಿಂದೆ ಕಟ್ಟಿದ್ದ ಅವನ ಕೈಯನ್ನು ಬಿಡಿಸಿ ಹಿಡಿದುಕೊಂಡೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಪೈಪಲ್ಲಿ ಏನೂ ಇರ್ಲಿಲ್ಲ ಕಣಣ್ಣ. ನೀನ್ ಚೆನ್ನಾಗೇ ತೊಳೆದಿದ್ದೆ. ಗೋಡೆ ಪಕ್ಕದ್ ಡ್ರಮ್ಮೇ ಕೆಟ್ಟಿತ್ತು. ಮೂಸಿದ್ ಕೂಡ್ಲೇ ನಂಗ್ ಗೊತ್ತಾಯ್ತು. ಗ್ಲಾಸ್ ತೊಳೆಯೋಳು ಅಂದ್ಯಲ್ಲ, ಅದ್ಕೆ ಉರಿದೋಗಿ ಚೆನ್ನಾಗೈತೆ ಅಂದ್ಬಿಟ್ಟೆ. ಆಮೇಲೂ ನೀನ್ ಕೇಳ್ದಾಗ ಹೂಂ ಅಂದೆ. ಕೆಡಿಸಿದ್ದು ನಾನು. ನಿನ್ ಕೈಯಲ್ಲ. ತಪ್ಪಾಯ್ತು ಕಣಣ್ಣ, ನಂದೇ ತಪ್ಪು."